ಜೈಸಲ್ಮೇರ್: ಕೋಟೆ ಹತ್ತಿ ನೋಡಿ, ಮಲಗೋಕೆ ಕೆಳಗಿಳಿಯಿರಿ

ಚಿತ್ರದುರ್ಗದಲ್ಲಿ ನಮ್ಮದು ಕಲ್ಲುಕೆಲಸದ ಮನೆತನ. ಅಪ್ಪ ಬಂಡೆಗೆ ಬೆಣೆ ಹೊಡೆದು ಸೀಳುತ್ತಿದ್ದರು. ನಾನು ಮೂವತ್ತು ವರ್ಷದಿಂದ ಚಪ್ಪಡಿ ಹಾಸು, ದೇವಸ್ಥಾನದ ಕಂಬ-ತೊಲೆ, ಹಳೇ ಮನೆಗಳ ರಿಪೇರಿ ಅಂತ ಗುತ್ತಿಗೆ ಹಿಡಿದು ಮಾಡಿಸುತ್ತಿದ್ದೇನೆ. ಯಾವ ಊರಿಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಗೋಡೆಯ ಬುಡಕ್ಕೆ. ಕಳೆದ ಡಿಸೆಂಬರಿನಲ್ಲಿ ಹೆಂಡತಿಯನ್ನೂ ಅಕ್ಕನನ್ನೂ ಕರೆದುಕೊಂಡು ಐದು ದಿನ ರಾಜಸ್ಥಾನದ ಜೈಸಲ್ಮೇರಿನಲ್ಲಿದ್ದು ಬಂದೆ. ನಮ್ಮ ಕಡೆಯಿಂದ ಹೋಗುವವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಊರಿಗೆ ಐದಕ್ಕೆ ಐದು ಅಂಕ. ಮೊದಲ ರಾತ್ರಿ ಉಳಿದ ಕೋಣೆಗೆ ಒಂದೂ ಕೊಡಲಾರೆ. ಮರಳುಗಾಡಿನ ಕ್ಯಾಂಪಿಗೆ ಎರಡು ಕೊಟ್ಟರೆ ಹೆಚ್ಚು.

ದಾವಣಗೆರೆ ಮೇಲೆ ಜೋಧಪುರಕ್ಕೆ ನೇರ ರೈಲಿದೆ. ನಾವು ಮದುವೆ ಜವಳಿ ತೆಗೆಯುವ ದಾವಣಗೆರೆಯ ಅಂಗಡಿಯ ಸೇಠ್ ಅದೇ ಕಡೆಯವರು. "ಜೋಧಪುರದಲ್ಲಿ ಒಂದು ದಿನ ಉಳಿದು ಸುಧಾರಿಸಿಕೊಳ್ರಿ, ಅಕ್ಕಾವ್ರಿಗೆ ಒಂದೇ ಸಮ ಆಗಲ್ಲ" ಅಂದಿದ್ದರು. ಅಕ್ಕನಿಗೆ ಅರವತ್ತೇಳು, ಮಂಡಿ ನೋವು ಬೇರೆ. ಅವರ ಮಾತು ಕೇಳಿದ್ದು ಒಳ್ಳೆಯದೇ ಆಯಿತು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಖಾರ ಮಂಡಕ್ಕಿ ಕಟ್ಟಿಕೊಂಡು ಹೊರಟಿದ್ದೆವು. ಜೋಧಪುರ ಬರುವ ಹೊತ್ತಿಗೆ ಗಂಟು ಬರಿದಾಗಿತ್ತು. ಅಲ್ಲಿಂದ ಜೈಸಲ್ಮೇರಿಗೆ ಇನ್ನೂ ಸುಮಾರು 285 ಕಿಲೋಮೀಟರ್. ಪೋಖರಣ್ ದಾಟಿದ ಮೇಲೆ ನೆಲ ಬೇರೆಯಾಗುತ್ತದೆ. ಮೊದಮೊದಲು ಚಳ್ಳಕೆರೆ ಕಡೆಯ ಕಾವಲಿನ ಹಾಗೆ ಕುರುಚಲು ಗಿಡ, ಆಮೇಲೆ ಅದೂ ತೆಳ್ಳಗಾಗಿ ಬರೀ ಹಳದಿ ಕಲ್ಲು, ಹಳದಿ ಮಣ್ಣು. ದೂರದಲ್ಲಿ ಸಾಲುಸಾಲು ಗಾಳಿಯಂತ್ರ. ಅಕ್ಕ ಕಿಟಕಿಗೆ ಮುಖ ಹಚ್ಚಿ, "ತಮ್ಮಾ, ಇಲ್ಲೂ ನಮ್ ಜೋಗಿಮಟ್ಟಿ ಥರಾನೇ ಫ್ಯಾನು ಹಾಕ್ಯಾರಲ್ಲೋ" ಅಂದಳು.

ನಮ್ಮ ದುರ್ಗದ ಕೋಟೆ ಊರಿನಿಂದ ಒಂದೇ ಸಲಕ್ಕೆ ಕಾಣುವುದಿಲ್ಲ. ಬಂಡೆಗಳ ನಡುವೆ ಅಡಗಿದೆ. ಒಂದೊಂದೇ ಬಾಗಿಲು ದಾಟಿದಂತೆ ಒಂದೊಂದೇ ಸುತ್ತು ತೆರೆದುಕೊಳ್ಳುತ್ತದೆ. ಜೈಸಲ್ಮೇರಿನದು ಹಾಗಲ್ಲ. ಬಟ್ಟಬಯಲಿನ ನಡುವೆ ಸುಮಾರು 76 ಮೀಟರ್ ಎತ್ತರದ ಒಂದೇ ಗುಡ್ಡ, ಹೆಸರು ತ್ರಿಕೂಟ. ಅದರ ನೆತ್ತಿಯ ಮೇಲೆ 99 ಬತೇರಿಗಳ ಕೋಟೆ, ಬುಡದಿಂದ ತುದಿಯವರೆಗೆ ಒಂದೇ ನೋಟಕ್ಕೆ ಕಾಣುತ್ತದೆ. ಭಾಟಿ ರಜಪೂತರ ರಾವಲ್ ಜೈಸಲ್ 1156ರಲ್ಲಿ ಊರು ಕಟ್ಟಿದ್ದು. ಈಗ ಕಾಣುವ ಬತೇರಿಗಳಲ್ಲಿ ಬಹುಪಾಲು 17ನೇ ಶತಮಾನದವು. ಬೆಳಗಿನ ಬಿಸಿಲಿಗೆ ಕಲ್ಲು ಹಸಿ ಅರಿಶಿನದ ಬಣ್ಣ, ಮಧ್ಯಾಹ್ನ ಪೇಲವ, ಸಂಜೆ ಐದೂವರೆಗೆ ಬೆಲ್ಲದ ಪಾಕದ ಬಣ್ಣ. ಸೋನಾರ್ ಕಿಲಾ, ಬಂಗಾರದ ಕೋಟೆ ಅಂತ ಸುಮ್ಮನೆ ಕರೆದಿಲ್ಲ.

ಈ ಕೋಟೆಯ ಒಳಗೆ ಇವತ್ತಿಗೂ ಸಾವಿರಾರು ಜನ ಸಂಸಾರ ಮಾಡಿಕೊಂಡಿದ್ದಾರೆ. ನಮ್ಮ ಕೋಟೆಯಲ್ಲಿ ಕತ್ತಲಾದ ಮೇಲೆ ಕೋತಿ, ಬಾವಲಿ ಬಿಟ್ಟರೆ ಯಾರಿಲ್ಲ. ಇಲ್ಲಿ ಸಂಜೆ ಗಲ್ಲಿಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತವೆ, ಹಪ್ಪಳ ಒಣಗಿರುತ್ತದೆ, ಹಸು ಜಗಲಿಗೆ ಮೈ ಉಜ್ಜುತ್ತಿರುತ್ತದೆ. ಮದುವೆಯಾದ ಮನೆಯ ಹೊರಗೋಡೆಗೆ ಗಣಪತಿ ಚಿತ್ರ ಬರೆದು, ವಧೂವರರ ಹೆಸರು, ತಾರೀಖು ಬಣ್ಣದಲ್ಲಿ ಬರೆಯುತ್ತಾರೆ. ಅದೇ ಅವರ ಲಗ್ನಪತ್ರಿಕೆ. ಮದುವೆ ಮುಗಿದರೂ ಅಳಿಸುವುದಿಲ್ಲ. ಅಕ್ಕ ಪ್ರತಿ ಮನೆಯ ಮುಂದೆ ನಿಂತು ಓದಿಸಿಕೊಂಡಳು. ಹಿಂದಿ ಅಕ್ಷರ ಓದಿ ಹೇಳುವ ಕೆಲಸ ನನ್ನ ಹೆಂಡತಿಯದು. "ಅತ್ತಿಗೆ, ಇದು ಹನ್ನೆರಡು ವರ್ಷದ ಹಿಂದಿಂದು. ಈಗ ಮಕ್ಕಳು ಸ್ಕೂಲಿಗೆ ಹೋಗ್ತಿರ್ತಾವೆ" ಅಂತ ಇಬ್ಬರೂ ಮಾತಾಡಿಕೊಂಡು ನಡೆಯುತ್ತಿದ್ದರು.

ಮಗ ಆನ್‌ಲೈನಿನಲ್ಲಿ ಕೋಟೆಯ ಒಳಗೇ ಕೋಣೆ ಮಾಡಿಕೊಟ್ಟಿದ್ದ. ಫೋಟೋ ಚೆಂದವಿತ್ತು, ಝರೋಕಾದಿಂದ, ಅಂದರೆ ಗೋಡೆಯಿಂದ ಹೊರಚಾಚಿದ ಕೆತ್ತನೆಯ ಕಿಟಕಿಯಿಂದ, ಇಡೀ ಊರು ಕಾಣುತ್ತಿತ್ತು. ರಾತ್ರಿ ಹಾಸಿಗೆ ಮೇಲೆ ಕೂತು ಗೋಡೆಗೆ ಒರಗಿದೆ. ಬೆನ್ನಿಗೆ ತಣ್ಣಗೆ ಹತ್ತಿತು. ಮೊಬೈಲಿನ ಲೈಟು ಹಾಕಿ ನೋಡಿದೆ. ನೆಲದಿಂದ ಎರಡೂವರೆ ಅಡಿ ಎತ್ತರಕ್ಕೆ ಗೋಡೆ ಕಪ್ಪಾಗಿ ತೇವ ಏರಿತ್ತು. ಅದರ ಮೇಲಂಚಿಗೆ ಬಿಳಿ ಉಪ್ಪು. ಬೆರಳಲ್ಲಿ ಉಜ್ಜಿದರೆ ಕಲ್ಲು ರವೆಯ ಹಾಗೆ ಉದುರಿತು. ನಮ್ಮ ಕಡೆ ಇದಕ್ಕೆ ಚವುಳು ಹಿಡಿದಿದೆ ಅನ್ನುತ್ತೇವೆ. ಗೋಡೆಯ ಆ ಕಡೆಗೆ ಬಾತ್‌ರೂಮು. ಅದರ ಪೈಪು ಎಲ್ಲೋ ಒಳಗೆ ಸೋರುತ್ತಿತ್ತು. ದೀಪ ಆರಿಸಿದ ಮೇಲೆ ಆ ತೊಟಕು ಸದ್ದು ಕೇಳುತ್ತ ನನಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ನೋಡಿಕೊಳ್ಳುವ ಹುಡುಗನಿಗೆ ತೋರಿಸಿದರೆ, "ಸೀಜನ್ ಮುಗಿದ ಮೇಲೆ ಪೇಂಟ್ ಮಾಡಿಸ್ತಾರೆ ಸಾಬ್" ಅಂದ. ಪೇಂಟ್ ಹಾಕಿದರೆ ತೇವ ಹೊರಗೆ ಬರುವ ದಾರಿಯೂ ಮುಚ್ಚಿಹೋಗುತ್ತದೆ. ಅದನ್ನು ನನ್ನ ಹರಕು ಹಿಂದಿಯಲ್ಲಿ ಎಷ್ಟು ಹೇಳಿದರೂ ಅವನಿಗೆ ಅರ್ಥವಾಗಲಿಲ್ಲ. ಉಳಿದ ನಾಲ್ಕು ದಿನದ ದುಡ್ಡು ವಾಪಸ್ ಕೊಡಲಿಲ್ಲ. ಹೋಗಲಿ ಅಂತ ಬಿಟ್ಟು ಪೆಟ್ಟಿಗೆ ಎತ್ತಿಕೊಂಡು ಕೆಳಗೆ ಇಳಿದೆವು.

ಇದು ಆ ಒಂದು ಕೋಣೆಯ ಕಥೆಯಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ದುರ್ಗದ ಕೋಟೆ ಕೂತಿರುವುದು ಗಟ್ಟಿ ಬಂಡೆಯ ಮೇಲೆ. ಎಷ್ಟು ಮಳೆ ಬಂದರೂ ನೀರು ಜಾರಿ ಹೊಂಡಕ್ಕೆ ಇಳಿಯುತ್ತದೆ, ಬುಡ ಅಲ್ಲಾಡುವುದಿಲ್ಲ. ತ್ರಿಕೂಟ ಗುಡ್ಡ ಮರಳುಗಲ್ಲು, ಜೇಡಿ, ಪದರಗಲ್ಲಿನದು. ಜೇಡಿಗೆ ನೀರು ಬಿದ್ದರೆ ಏನಾಗುತ್ತದೆ ಅಂತ ನಮ್ಮ ಕಡೆ ಎರೆಹೊಲದಲ್ಲಿ ಮನೆ ಕಟ್ಟಿದವರನ್ನು ಕೇಳಿ: ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ಮೇಲಿನ ಗೋಡೆ ಬಾಯಿ ಬಿಡುತ್ತದೆ. ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಸರಿಯಾಗಿ ಬೀಳದ ಊರಿಗೆ ಅಂತ ಕಟ್ಟಿದ ಕೋಟೆ ಇದು. ಹೆಣ್ಣುಮಕ್ಕಳು ಕೆಳಗಿನ ಕೆರೆಯಿಂದ ಕೊಡದಲ್ಲಿ ಹೊತ್ತು ತರುತ್ತಿದ್ದ ಕಾಲದಲ್ಲಿ ಚೆಲ್ಲುವಷ್ಟು ನೀರೇ ಇರಲಿಲ್ಲ. ನಲ್ಲಿ ಬಂತು, ಆಮೇಲೆ ಕೋಟೆಯ ಮನೆಗಳು ಹೋಟೆಲಾದವು, ಕೋಣೆಗೊಂದು ಬಾತ್‌ರೂಮ್ ಬಂತು. ನಾವು ಸ್ನಾನ ಮಾಡಿದ ನೀರು ಹಳೇ ಮೋರಿಯಲ್ಲಿ ಹಿಡಿಸದೆ ಗುಡ್ಡದ ಹೊಟ್ಟೆಗೆ ಇಳಿಯತೊಡಗಿತು. 1996ರಲ್ಲೇ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನವರು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಇದನ್ನು ಸೇರಿಸಿದ್ದರು. ಆಮೇಲೆ ಬತೇರಿಗಳೇ ಕುಸಿದಿವೆ. 2013ರಲ್ಲಿ ರಾಜಸ್ಥಾನದ ಇನ್ನೈದು ಗಿರಿದುರ್ಗಗಳ ಜೊತೆ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು, ದುರಸ್ತಿಯೂ ನಡೆದಿದೆ. ಆದರೂ 2024ರ ಆಗಸ್ಟ್ ಮಳೆಗೆ ಗೋಡೆಯ ಒಂದು ಭಾಗ ಜರಿದು ಬಿತ್ತು.

ಅಲ್ಲಿಯ ಜನ ಅಲ್ಲೇ ಇರಬೇಕು. ಅವರಿಲ್ಲದ ಕೋಟೆ ಹೇಗಿರುತ್ತದೆ ಅನ್ನುವುದು ದುರ್ಗದವನಾದ ನನಗೆ ಚೆನ್ನಾಗಿ ಗೊತ್ತು. ಆದರೆ ಐದು ದಿನಕ್ಕೆ ಬಂದು ದಿನಕ್ಕೆರಡು ಸಲ ಶವರಿನ ಕೆಳಗೆ ನಿಲ್ಲುವ ನಾವು ಮೇಲೆ ಇರಬೇಕಾಗಿಲ್ಲ.

ಕೆಳಗೆ, ಕೋಟೆಯ ದಕ್ಷಿಣಕ್ಕೆ ಹತ್ತು ನಿಮಿಷದ ನಡಿಗೆಯಲ್ಲಿ, ಒಂದು ಮನೆಯವರೇ ನಡೆಸುವ ಚಿಕ್ಕ ಲಾಡ್ಜ್ ಸಿಕ್ಕಿತು. ಆರೇ ಕೋಣೆ. ಬಕೆಟ್ ಬಿಸಿನೀರು, ಶುದ್ಧ ಹಾಸಿಗೆ, ಮಾಳಿಗೆ ಮೇಲೆ ಊಟ, ಎದುರಿಗೆ ಇಡೀ ಕೋಟೆ. ಬಾಡಿಗೆ ಮೇಲಿನದರ ಅರ್ಧ. ಮಾಲೀಕರು ಎಪ್ಪತ್ತು ದಾಟಿದ ಭಾಟಿ ರಜಪೂತರು, ಹುಟ್ಟಿದ್ದು ಕೋಟೆಯ ಒಳಗೆ. ನಾನು ಯಾಕೆ ಮೇಲಿನಿಂದ ಇಳಿದು ಬಂದೆ ಅಂತ ಹೇಳಿದಾಗ ಅವರು ನನ್ನ ಕೈ ಹಿಡಿದುಕೊಂಡು ಒಳಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟರು. ಆಮೇಲೆ ನಾಲ್ಕು ದಿನ ನಮ್ಮನ್ನು ನೋಡಿಕೊಂಡಿದ್ದು ಬೀಗರನ್ನು ನೋಡಿಕೊಂಡ ಹಾಗೆ.

ಈಗ ನೋಡುವ ಜಾಗಗಳು. ಕೋಟೆಗೆ ಹತ್ತುವಾಗ ನಾಲ್ಕು ಬಾಗಿಲು: ಅಖೈ ಪೋಲ್, ಸೂರಜ್ ಪೋಲ್, ಗಣೇಶ್ ಪೋಲ್, ಹವಾ ಪೋಲ್. ದಾರಿ ನಮ್ಮ ಕೋಟೆಯ ಹಾಗೇ ಅಡ್ಡಡ್ಡ ತಿರುಗುತ್ತದೆ. ಆನೆ ಓಡಿ ಬಂದು ಬಾಗಿಲಿಗೆ ಗುದ್ದಬಾರದು ಅನ್ನುವ ಲೆಕ್ಕ ಎರಡೂ ಕಡೆ ಒಂದೇ. ಬತೇರಿಯ ಮೇಲೆ ಗುಂಡಗೆ ಕಡೆದ ದೊಡ್ಡ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದಾರೆ, ಹತ್ತಿ ಬರುವ ವೈರಿಯ ಮೇಲೆ ಉರುಳಿಸಲು. ಎಷ್ಟೋ ಕಡೆ ಗೋಡೆಗೆ ಗಾರೆಯೇ ಇಲ್ಲ. ಕಲ್ಲಿಗೆ ಕಲ್ಲು ಕೂರಿಸಿ ಭಾರದಲ್ಲೇ ನಿಲ್ಲಿಸಿದ್ದಾರೆ. ದುರ್ಗದಲ್ಲೂ ಹಾಗೇ ಇದೆ, ಆದರೆ ನಮ್ಮದು ಕಗ್ಗಲ್ಲು. ಹಗುರ ಮರಳುಗಲ್ಲಿನಲ್ಲಿ ಅಷ್ಟು ಎತ್ತರ ಒಣಗಟ್ಟು ಹಾಕಿದವರ ಧೈರ್ಯ ದೊಡ್ಡದು. ಹವಾ ಪೋಲಿನ ನೆರಳಿನಲ್ಲಿ ಯಾವಾಗಲೂ ಗಾಳಿ ಬೀಸುತ್ತದೆ. ಅಕ್ಕ ಅಲ್ಲಿ ಅರ್ಧ ಗಂಟೆ ಕೂತಳು. ನೀವೂ ಕೂರಿ, ಊರಿನವರೂ ಅಲ್ಲೇ ಕೂರುತ್ತಾರೆ.

ಅರಮನೆ ಮ್ಯೂಸಿಯಂ ನೋಡಲು ಒಂದೂವರೆ ಗಂಟೆ ಸಾಕು. ಮಾಳಿಗೆಯ ನೋಟಕ್ಕಾಗಿ ಹೋಗಿ. ಕೋಟೆಯೊಳಗಿನ ಏಳು ಜೈನ ದೇವಾಲಯಗಳನ್ನು ಮಾತ್ರ ಬಿಡಬೇಡಿ. ಬೆಳಗಿನ ಹೊತ್ತಷ್ಟೇ ಹೊರಗಿನವರನ್ನು ಬಿಡುತ್ತಾರೆ, ಚರ್ಮದ ಬೆಲ್ಟು, ಪರ್ಸು ಹೊರಗಿಡಬೇಕು. ಪಾರ್ಶ್ವನಾಥ ಬಸದಿಯ ತೋರಣ ನೋಡುತ್ತ ನನ್ನ ಕತ್ತು ಹಿಡಿದುಕೊಂಡಿತು. ಒಂದು ಗೇಣು ಜಾಗವೂ ಸುಮ್ಮನೆ ಬಿಟ್ಟಿಲ್ಲ. ಕೆಳಗೆ ಜ್ಞಾನಭಂಡಾರದಲ್ಲಿ ತಾಳೆಗರಿ ಗ್ರಂಥಗಳಿವೆ. ಮೂಡುಬಿದಿರೆಯಲ್ಲಿ ಧವಲಾ ಗ್ರಂಥ ಕಾಪಾಡಿಕೊಂಡವರ ಹಾಗೆಯೇ ಇಲ್ಲಿಯ ಜೈನರೂ ಮರಳುಗಾಡಿನ ಒಣಹವೆಯಲ್ಲಿ ಓಲೆಗರಿಗಳನ್ನು ಜೋಪಾನ ಮಾಡಿದ್ದಾರೆ.

ಇನ್ನು ಹವೇಲಿಗಳು. ಒಂಟೆಗಳ ಸಾಲು ಇಲ್ಲಿಂದ ಸಿಂಧ್, ಪರ್ಷಿಯಾ ಕಡೆಗೆ ಹೋಗಿ ಬರುತ್ತಿದ್ದ ಕಾಲದ ವ್ಯಾಪಾರಿಗಳ, ದಿವಾನರ ಮನೆಗಳು. ಮುಂಬಯಿ ಬಂದರು ಬೆಳೆದ ಮೇಲೆ ವ್ಯಾಪಾರ ಅತ್ತ ಹೋಯಿತು, 1947ರಲ್ಲಿ ಗಡಿ ಬಿದ್ದು ಹಳೇ ದಾರಿಯೇ ಮುಚ್ಚಿತು, ಮನೆಗಳು ಉಳಿದವು. ಪಟ್ವೋಂ ಕೀ ಹವೇಲಿ ಎಲ್ಲಕ್ಕೂ ದೊಡ್ಡದು. ಗುಮಾನ್ ಚಂದ್ ಪಟ್ವಾ ಐದು ಮಕ್ಕಳಿಗೆ ಅಂತ ಐದು ಮನೆ ಒಂದೇ ಸಾಲಿನಲ್ಲಿ ಕಟ್ಟಿಸಲು 1805ರಲ್ಲಿ ಶುರುಮಾಡಿದ್ದು, ಮುಗಿಯಲು ಐವತ್ತು ವರ್ಷದ ಮೇಲೆ ಹಿಡಿಯಿತು. ಇಕ್ಕಟ್ಟಾದ ಗಲ್ಲಿಯಲ್ಲಿ ನಿಂತು ಮೇಲೆ ನೋಡಿದರೆ ಝರೋಕಾಗಳ ಮೇಲೆ ಝರೋಕಾ, ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ. ಜನಜಂಗುಳಿ ಬಹಳ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಸಾಲಂ ಸಿಂಗನ ಹವೇಲಿ ಬುಡದಲ್ಲಿ ಸಣ್ಣ, ತಲೆಯಲ್ಲಿ ದಪ್ಪ. ಮೇಲಿನ ಮಹಡಿಗೆ ನವಿಲಿನ ಆಕಾರದ ಚಾಚುಗಲ್ಲುಗಳು. ಹೊರಗಿನಿಂದ ನೋಡಿದರೆ ಸಾಕು.

ನನ್ನ ಮನಸ್ಸು ನಿಂತಿದ್ದು ನಥಮಲ್ ಹವೇಲಿಯಲ್ಲಿ. 1885ರದು, ದಿವಾನರ ಮನೆ. ಕಟ್ಟಿದವರು ಹಾಥಿ, ಲಾಲು ಅನ್ನುವ ಅಣ್ಣತಮ್ಮಂದಿರು. ಒಬ್ಬ ಎಡಭಾಗ, ಒಬ್ಬ ಬಲಭಾಗ ಹಿಡಿದರು. ದೂರದಿಂದ ಎರಡೂ ಒಂದೇ ಅನ್ನಿಸುತ್ತದೆ. ಹತ್ತಿರ ಹೋಗಿ ಕಿಟಕಿಗೆ ಕಿಟಕಿ ಹೋಲಿಸಿ ನೋಡಿ, ಒಂದರ ಹಾಗೆ ಇನ್ನೊಂದಿಲ್ಲ. ನಾನು ಬಾಗಿಲ ಎದುರಿನ ಕಟ್ಟೆ ಮೇಲೆ ಕೂತು ಒಂದೊಂದೇ ಎಣಿಸುತ್ತ ಹೋದೆ. ಎಡಗಡೆಯವನ ಬಳ್ಳಿ ಎಲೆಯಲ್ಲಿ ತುಂಬಿಕೊಂಡಿದೆ, ಬಲಗಡೆಯವನು ನಡುವೆ ಉಸಿರಾಡಲು ಜಾಗ ಬಿಟ್ಟಿದ್ದಾನೆ. ಆನೆ, ಕುದುರೆ, ಹಸುಗಳ ನಡುವೆ ಒಂದು ಉಗಿಬಂಡಿ, ಒಂದು ಸೈಕಲ್ಲೂ ಇದೆ. ಅವರು ಅದನ್ನು ಕಣ್ಣಾರೆ ಕಂಡವರಲ್ಲ, ಯಾರೋ ಹೇಳಿದ್ದು ಕೇಳಿ ಕೆತ್ತಿದ್ದು ಅನ್ನುತ್ತಾರೆ. ನನ್ನ ತಮ್ಮನೂ ನಾನೂ ಒಂದು ಕಾಲದಲ್ಲಿ ಒಟ್ಟಿಗೆ ಕೆಲಸ ಹಿಡಿದಿದ್ದೆವು. ಅವನ ಉಳಿಯ ಗುರುತು ಯಾವುದು, ನನ್ನದು ಯಾವುದು ಅಂತ ನಮ್ಮಪ್ಪ ಕತ್ತಲಲ್ಲಿ ಬೆರಳಾಡಿಸಿ ಹೇಳುತ್ತಿದ್ದರು. ಆ ಮನೆಯ ಮುಂದೆ ಕೂತಾಗ ಅದೇ ನೆನಪಾಗಿ ಕಣ್ಣು ತುಂಬಿಬಂತು. ಹೆಂಡತಿ ಏನೂ ಕೇಳಲಿಲ್ಲ, ಪಕ್ಕದಲ್ಲಿ ಬಂದು ಕೂತಳು.

ಅದೇ ಬೀದಿಯಿಂದ ಸ್ವಲ್ಪ ದೂರದಲ್ಲಿ ಒಬ್ಬ ಕೆತ್ತನೆಯವನ ಅಂಗಡಿ. ಇಲ್ಲಿಯ ಕಲ್ಲುಕೆಲಸದವರಿಗೆ ಸಿಲಾವಟ್ ಅನ್ನುತ್ತಾರೆ. ಜಾಲಂಧ್ರದ ಚಪ್ಪಡಿಯೊಂದನ್ನು ಕಾಲ ನಡುವೆ ನಿಲ್ಲಿಸಿಕೊಂಡು ತೂತು ತೆಗೆಯುತ್ತಿದ್ದ. ನಾನು ಅಂಗೈ ತೋರಿಸಿದೆ. ಕಾಯಿಕಟ್ಟಿದ್ದು ನೋಡಿ ನಕ್ಕು ಮಣೆ ಸರಿಸಿದ. ಅವನ ಸುತ್ತಿಗೆ ನಮ್ಮದರ ಅರ್ಧ ತೂಕ. ನಮ್ಮ ಕಗ್ಗಲ್ಲಿಗೆ ಏಟು ಹಾಕಿದರೆ ಠಣ್ ಅಂತ ಭುಜದವರೆಗೂ ಬರುತ್ತದೆ. ಇಲ್ಲಿ ಏಟು ಹಾಕಬಾರದು, ತಟ್ಟಬೇಕು. ಮೊದಲ ಏಟಿಗೇ ನಾನು ಒಂದು ಮೂಲೆ ಹಾರಿಸಿದೆ. ಅವನು ಉಳಿಯನ್ನು ಇನ್ನೂ ಮಲಗಿಸಿ ಹಿಡಿಯಲು ತೋರಿಸಿಕೊಟ್ಟ. ಆಮೇಲೆ ಒಂದು ಚೂರು ಕಲ್ಲು ನೆಲದ ಮೇಲಿಟ್ಟು ಬಾಟಲಿಯಿಂದ ನಾಲ್ಕು ಹನಿ ನೀರು ಬಿಟ್ಟ. ನೀರು ಮೇಲೆ ಒಂದು ಗಳಿಗೆಯೂ ನಿಲ್ಲಲಿಲ್ಲ, ಕಲ್ಲು ಒಳಗೆ ಎಳೆದುಕೊಂಡುಬಿಟ್ಟಿತು, ಕಂದು ಕಲೆಯೊಂದು ಅಗಲವಾಗುತ್ತ ಹೋಯಿತು. ನಾನು ಕೋಟೆಯ ಕಡೆ ಬೆರಳು ತೋರಿಸಿದೆ. ಅವನು ತಲೆ ಆಡಿಸಿದ. ಭಾಷೆ ಇಲ್ಲದೆಯೂ ಇಬ್ಬರಿಗೂ ತಿಳಿಯಿತು. ಆ ಚೂರು ಈಗ ನಮ್ಮನೆಯ ತುಳಸಿಕಟ್ಟೆಯ ಮೇಲಿದೆ.

ಗಡೀಸರ್ ಕೆರೆಗೆ ಬೆಳಿಗ್ಗೆ ಹೋಗಿ, ಸೂರ್ಯ ಹುಟ್ಟುವ ಮೊದಲೇ. ಊರಿಗೆಲ್ಲ ನೀರು ಕುಡಿಸಿದ ಕೆರೆ ಇದು. 14ನೇ ಶತಮಾನದಲ್ಲಿ ಮಹಾರಾವಲ್ ಗಡಸಿ ಕಟ್ಟಿಸಿದ್ದು, ಅವರ ಹೆಸರೇ ಕೆರೆಗೆ. ಮಳೆ ಬಿದ್ದ ಬಯಲಿನ ನೀರನ್ನೆಲ್ಲ ತಗ್ಗಿಗೆ ತಂದು ನಿಲ್ಲಿಸಿದ್ದಾರೆ. ದಂಡೆಯ ಬಾಗಿಲಿಗೆ ತೀಲೋಂ ಕೀ ಪೋಲ್ ಅನ್ನುತ್ತಾರೆ. ತೀಲೋಂ ಅನ್ನುವ ನರ್ತಕಿ ತನ್ನ ದುಡ್ಡಿನಲ್ಲಿ ಕಟ್ಟಿಸಿದಳಂತೆ. ವೇಶ್ಯೆ ಕಟ್ಟಿಸಿದ ಬಾಗಿಲ ಕೆಳಗೆ ತಾನು ನಡೆಯುವುದಿಲ್ಲ ಅಂತ ರಾಜ ತಕರಾರು ತೆಗೆದ. ಆಕೆ ಬಾಗಿಲ ಮೇಲೊಂದು ಕೃಷ್ಣನ ಗುಡಿ ಇಡಿಸಿಬಿಟ್ಟಳು, ಮತ್ತೆ ಕೆಡವುವ ಧೈರ್ಯ ಯಾರಿಗೂ ಬರಲಿಲ್ಲ. ಈ ಕಥೆ ಕೇಳಿದ ಮೇಲೆ ನನ್ನ ಹೆಂಡತಿ ಅದೇ ಬಾಗಿಲಿನಿಂದ ಎರಡು ಸಲ ಒಳಗೆ-ಹೊರಗೆ ಓಡಾಡಿದಳು. "ನಮ್ಮ ಓಬವ್ವನ ಕಿಂಡಿ ನೋಡಿದಂಗಾತು ಕಣ್ರೀ" ಅಂದಳು.

ಈಗ ಗಡೀಸರಿಗೆ ಇಂದಿರಾ ಗಾಂಧಿ ಕಾಲುವೆಯ ನೀರು ಬರುತ್ತದೆ. ಪಂಜಾಬಿನಲ್ಲಿ ಸತ್ಲೆಜ್, ಬಿಯಾಸ್ ಸೇರುವ ಹರೀಕೆಯಿಂದ ಹೊರಟ ನೀರು, 1958ರಲ್ಲಿ ಶುರುವಾದ ಕೆಲಸ. ಊರಿಗೆ ನಲ್ಲಿ ಬಂದಿದ್ದು ಒಳ್ಳೆಯದೇ. ಹೆಣ್ಣುಮಕ್ಕಳ ತಲೆಯಿಂದ ಕೊಡ ಇಳಿಯಿತು. ಆದರೆ ಬರುವ ನೀರಿಗೆ ಪೈಪು ಹಾಕಿದಷ್ಟು ಕಾಳಜಿಯನ್ನು ಹೋಗುವ ನೀರಿಗೆ ಮಾಡಲಿಲ್ಲ. ದುರ್ಗದಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡ, ಅಲ್ಲಿಂದ ಸಿಹಿನೀರು ಹೊಂಡ, ಕೆಳಗೆ ಊರಿನ ಸಂತೆ ಹೊಂಡ. ತುಂಬಿದ ನೀರು ಎಲ್ಲಿ ಹೋಗಬೇಕು ಅಂತ ಮೊದಲೇ ಯೋಚಿಸಿದ್ದರು. ಲಾಡ್ಜಿನ ಯಜಮಾನರಿಗೆ ಮೊಬೈಲಿನಲ್ಲಿ ಈ ಹೊಂಡಗಳ ಫೋಟೋ ತೋರಿಸಿದೆ. ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಅವರು ಕೇಳಿದ ಮೊದಲ ಪ್ರಶ್ನೆ, ಮೇಲೆ ಯಾರಾದರೂ ವಾಸವಿದ್ದಾರಾ ಅಂತ. ಇಲ್ಲ ಅಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಮೂರನೇ ದಿನ ಕಾರು ಮಾಡಿಕೊಂಡು ಹೊರಗಿನ ಜಾಗಗಳಿಗೆ ಹೋದೆವು. ಬಡಾ ಬಾಗ್‌ನಲ್ಲಿ ರಾಜರ ನೆನಪಿಗೆ ಕಟ್ಟಿದ ಗುಮ್ಮಟದ ಮಂಟಪಗಳ (ಅಲ್ಲಿ ಛತ್ರಿ ಅನ್ನುತ್ತಾರೆ) ಹಿಂದೆಯೇ ಗಾಳಿಯಂತ್ರ ತಿರುಗುತ್ತವೆ, ಸಂಜೆ ಬೆಳಕಿಗೆ ಚೆಂದ. ಕುಲಧರಾ ಊರಿನಿಂದ ಸುಮಾರು 18 ಕಿಲೋಮೀಟರ್. ಪಾಲೀವಾಲ್ ಬ್ರಾಹ್ಮಣರು 19ನೇ ಶತಮಾನದಲ್ಲಿ ಬಿಟ್ಟುಹೋದ ಹಳ್ಳಿ. ದಿವಾನ ಸಾಲಂ ಸಿಂಗನ ಕಾಟ ತಾಳದೆ 84 ಹಳ್ಳಿಯವರು ಒಂದೇ ರಾತ್ರಿ ಗುಳೆ ಎದ್ದರು, ಶಾಪ ಹಾಕಿ ಹೋದರು ಅನ್ನುವ ಕಥೆ. ಗೈಡುಗಳು ದೆವ್ವದ ಕಥೆ ಸೇರಿಸಿ ಹೇಳುತ್ತಾರೆ. ಅದನ್ನು ಕೇಳುತ್ತ ನಿಂತರೆ ಆ ಜನರ ನಿಜವಾದ ಬುದ್ಧಿವಂತಿಕೆ ಕಾಣುವುದಿಲ್ಲ. ಅವರು ಖಡೀನ್ ಅಂತ ಮಾಡುತ್ತಿದ್ದರು. ಕಲ್ಲುಗುಡ್ಡದಿಂದ ಹರಿದು ಬರುವ ಮಳೆನೀರಿಗೆ ಇಳಿಜಾರಿನ ಕೊನೆಯಲ್ಲಿ ಉದ್ದಕ್ಕೆ ಮಣ್ಣಿನ ಏರಿ ಹಾಕುವುದು. ನೀರು ನಿಂತು ನೆಲ ನೆನೆದು, ಇಂಗಿದ ಮೇಲೆ ಅದೇ ಹಸಿಯಲ್ಲಿ ಗೋದಿ, ಕಡಲೆ ಬಿತ್ತುವುದು. ಮೇಲಿನಿಂದ ಇನ್ನೊಂದು ಹನಿ ಬೇಡ. ನಮ್ಮ ಬಯಲುಸೀಮೆಯ ರೈತರು ಹಿಂಗಾರಿಗೆ ಎರೆಹೊಲದ ಹಸಿ ನಂಬಿ ಕಡಲೆ ಹಾಕುತ್ತಾರಲ್ಲ, ಅದೇ ವಿದ್ಯೆ. ನಮ್ಮ ಡ್ರೈವರ್ ದಾರಿಯಲ್ಲಿ ಈಗಲೂ ನಡೆಯುತ್ತಿರುವ ಒಂದು ಖಡೀನ್ ತೋರಿಸಿದ. ಸುತ್ತ ಬೂದು ನೆಲದ ನಡುವೆ ಗೋದಿಯ ಹಸಿರು ಚೌಕ.

ಅಲ್ಲಿಂದ ಸಮ್ ಮರಳುದಿಬ್ಬ, ಊರಿನಿಂದ ಸುಮಾರು 40 ಕಿಲೋಮೀಟರ್. ನಾವು ದುಡ್ಡು ಕಟ್ಟಿದ್ದ ಕ್ಯಾಂಪಿನವರು 'ಮರಳುಗಾಡಿನ ಮೌನ' ಅಂತ ಬರೆದುಕೊಂಡಿದ್ದರು. ಕತ್ತಲಾಗುತ್ತಲೇ ನಾಲ್ಕೂ ಕಡೆ ಕ್ಯಾಂಪುಗಳಿಂದ ಡಿಜೆ ಸದ್ದು, ಒಂದರ ಮೇಲೊಂದು. ರಾತ್ರಿ ಹನ್ನೊಂದೂವರೆಯವರೆಗೂ ಅಕ್ಕ ಕಿವಿಗೆ ಶಾಲು ಸುತ್ತಿಕೊಂಡು ಕೂತಿದ್ದಳು. ಊಟ ಆರಿಹೋಗಿತ್ತು. ದಿಬ್ಬದ ಮೇಲೆ ಪ್ಲಾಸ್ಟಿಕ್ ಬಾಟಲಿ. ಬೆಳಗಿನ ಜಾವ ಐದಕ್ಕೆ ನಾನು ಒಬ್ಬನೇ ಹೊರಗೆ ಬಂದೆ. ಗಾಳಿ ರಾತ್ರಿಯ ಹೆಜ್ಜೆಗಳನ್ನೆಲ್ಲ ಅಳಿಸಿ ಮರಳಿಗೆ ಹೊಸ ಗೆರೆ ಎಳೆದಿತ್ತು, ಚಳಿಗೆ ಮರಳು ಐಸಿನಷ್ಟು ತಣ್ಣಗಿತ್ತು. ಆ ಒಂದು ಗಂಟೆಗಾಗಿ ಎರಡು ಅಂಕ. ನೀವು ಹೋಗುವುದಾದರೆ ಬೆಳಿಗ್ಗೆ ಬೇಗ ಊರಿನಿಂದಲೇ ಕಾರಿನಲ್ಲಿ ಹೋಗಿ ಬಿಸಿಲೇರುವ ಮೊದಲು ವಾಪಸ್ ಬನ್ನಿ.

ಊಟದ ಮಾತು. ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಖಾರ, ಮಜ್ಜಿಗೆ ಸಿಕ್ಕ ಕೂಡಲೇ ಅಕ್ಕನಿಗೆ ಊರಿಗೆ ಬಂದಷ್ಟು ಸಮಾಧಾನವಾಯಿತು. ದಾಲ್ ಬಾಟಿಗೆ ತುಪ್ಪ ಧಾರಾಳವಾಗಿ ಸುರಿಯುತ್ತಾರೆ, ಹಸಿದಾಗ ಮಾತ್ರ ತಿನ್ನಿ. ಘೋಟುವಾ ಲಾಡು ಈ ಊರಿನದೇ, ಕಟ್ಟಿಸಿಕೊಂಡು ಬಂದೆವು. ನನಗೆ ಮರೆಯಲಾಗದ್ದು ಕೇರ್-ಸಾಂಗ್ರಿ ಪಲ್ಯ. ಕೇರ್ ಅಂದರೆ ಅಲ್ಲಿಯ ಮುಳ್ಳುಪೊದೆಯ ಸಣ್ಣ ಕಾಯಿ, ಸಾಂಗ್ರಿ ಅಂದರೆ ಖೇಜ್ಡಿ ಮರದ ಕಾಯಿ. ಯಜಮಾನರು ಹಿತ್ತಲಿಗೆ ಕರೆದು ಮರ ತೋರಿಸಿದಾಗ ಅಕ್ಕ ಎರಡೂ ಕೈ ಮುಗಿದಳು. ನಮ್ಮ ಬನ್ನಿ ಮರ! ವಿಜಯದಶಮಿಗೆ ನಾವು ಎಲೆ ಕಿತ್ತು "ಬನ್ನಿ ತಗೊಂಡು ಬಂಗಾರದಂಗಿರೋಣ" ಅಂತ ಹಂಚುವ ಮರ. ಬರಗಾಲದಲ್ಲೂ ಹಸಿರಾಗಿರುವ ಆ ಮರದ ಕಾಯನ್ನು ಒಣಗಿಸಿಟ್ಟು ವರ್ಷವಿಡೀ ತಿನ್ನುತ್ತಾರೆ. ಸ್ವಲ್ಪ ಒಗರು, ಹುಳಿ, ಎಣ್ಣೆಯಲ್ಲಿ ಹುರಿದ ಮೆಣಸಿನಕಾಯಿ. ಒಣ ಸಾಂಗ್ರಿ ಅರ್ಧ ಕಿಲೋ ತಂದಿದ್ದೆವು. ರಾತ್ರಿ ನೆನೆಹಾಕಿ ಬೆಳಿಗ್ಗೆ ಬೇಯಿಸಿದರೆ ದುರ್ಗದಲ್ಲೂ ಅದೇ ರುಚಿ ಬಂತು.

ಕೊನೆಯ ರಾತ್ರಿ ಯಜಮಾನರ ಮಾಳಿಗೆಗೆ ಇಬ್ಬರು ಮಾಂಗಣಿಯಾರರು ಬಂದರು, ಮುದುಕ ಮತ್ತು ಮೊಮ್ಮಗ. ಮುಸ್ಲಿಮರು, ಈ ರಜಪೂತ ಮನೆಗೆ ತಲೆಮಾರುಗಳಿಂದ ಹಾಡುವವರು. ಮಗು ಹುಟ್ಟಿದರೆ, ಮದುವೆಯಾದರೆ ಇವರು ಬಂದೇ ಬರಬೇಕು. ಹಾಡುವ ಮೊದಲು ಮುದುಕ ಮನೆತನದ ಹಿರಿಯರ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿದ. ನಮ್ಮ ಹೆಳವರು ಎತ್ತಿನ ಮೇಲೆ ಬಂದು ಅಂಗಳದಲ್ಲಿ ನಿಂತು ವಂಶಾವಳಿ ಹೇಳಿದ ಹಾಗೇ. ಕಮಾಯಚಾ ಅನ್ನುವ ವಾದ್ಯ, ಮೇಕೆ ಚರ್ಮ ಹೊದಿಸಿದ ಗುಂಡು ಹೊಟ್ಟೆ, ಮೇಲೆ ಕಮಾನು ಎಳೆಯುತ್ತಾರೆ. ಸದ್ದು ಎದೆಯಿಂದ ಬಂದಂತೆ ಇರುತ್ತದೆ. ಹುಡುಗನ ಕೈಯಲ್ಲಿ ಮರದ ಚೂರುಗಳ ಖಡತಾಲ್. ಅವರು ಮುಗಿಸಿದ ಮೇಲೆ ಯಜಮಾನರ ಹೆಂಡತಿ ಅಕ್ಕನ ಕಡೆ ನೋಡಿ ಸನ್ನೆ ಮಾಡಿದರು. ಅಕ್ಕ ಸೆರಗು ಸರಿಮಾಡಿಕೊಂಡು ಒಂದು ಸೋಬಾನೆ ಹಾಡಿದಳು. ಎರಡನೇ ನುಡಿಗೆ ಮುದುಕ ಕಮಾಯಚಾ ಎತ್ತಿಕೊಂಡು ಶ್ರುತಿ ಹಿಡಿದ.

ಹೋಗುವುದಾದರೆ ನವೆಂಬರಿನಿಂದ ಫೆಬ್ರುವರಿ. ಸ್ವೆಟರ್ ಬೇಕೇ ಬೇಕು, ರಾತ್ರಿ ಚಳಿ ನಮ್ಮ ಲೆಕ್ಕಕ್ಕೆ ಬಹಳ ಜಾಸ್ತಿ. ಮಾಘ ಮಾಸದಲ್ಲಿ ಮರು ಉತ್ಸವ, ಅಂದರೆ ಮರುಭೂಮಿಯ ಹಬ್ಬ, ನಡೆಯುತ್ತದೆ, ಆಗ ಕೋಣೆ ಸಿಗುವುದು ಕಷ್ಟ. ಮೂರು ಪೂರ್ಣ ದಿನ ಊರಿಗೆ, ಒಂದು ದಿನ ಹೊರಗಿನ ಜಾಗಗಳಿಗೆ ಇಟ್ಟುಕೊಳ್ಳಿ. ಕೋಟೆಯ ಒಳಗೆ ಚಹಾ ಕುಡಿಯಿರಿ, ಅಲ್ಲಿಯವರ ಅಂಗಡಿಯಲ್ಲಿ ಕಸೂತಿ, ಕಲ್ಲಿನ ಸಾಮಾನು ಕೊಳ್ಳಿ, ಮಧ್ಯಾಹ್ನದ ಊಟವನ್ನೂ ಅಲ್ಲೇ ಮಾಡಿ. ದುಡ್ಡು ಮೇಲಿನವರಿಗೆ ಸೇರಲಿ. ಕೋಣೆ ಮಾತ್ರ ಕೆಳಗೆ ತೆಗೆದುಕೊಳ್ಳಿ, ಫೋನಿನಲ್ಲಿ 'ಕೋಟೆಯ ಗೋಡೆಯ ಒಳಗಾ ಹೊರಗಾ' ಅಂತ ಸ್ಪಷ್ಟವಾಗಿ ಕೇಳಿಯೇ ಮುಂಗಡ ಕಳಿಸಿ. ಹಳೇ ಮನೆಗಳ ಮೆಟ್ಟಿಲು ಒಂದೊಂದೂ ಮೊಳದೆತ್ತರ ಇರುತ್ತದೆ. ಮಂಡಿ ನೋವಿನವರು ಜೊತೆಗಿದ್ದರೆ ನೆಲಮಹಡಿಯ ಕೋಣೆಯನ್ನೇ ಕೇಳಿ ತೆಗೆದುಕೊಳ್ಳಿ.